ಹನ್ನೊಂದು ಒಂದುಗಳು

ಎದುರು ಮನೆಯವರು ಗೇಟಿಗೆ ಬಣ್ಣ ಹೊಡೆಸುತ್ತಿದ್ದಾರೆ. ಬೆಳಿಗ್ಗೆಯಿಂದ ಟರ್ಪೆಂಟೈನ್ ವಾಸನೆ ರಸ್ತೆ ದಾಟಿ ನನ್ನ ಅಡುಗೆಮನೆಗೂ ಬಂದು, ಒಗ್ಗರಣೆಯ ಇಂಗನ್ನು ಸೋಲಿಸಿ ಕೂತಿದೆ. ಈ ವಾಸನೆಗೆ ಕೆಲವರಿಗೆ ತಲೆನೋವು ಬರುತ್ತದಂತೆ. ನನಗೆ ಅಂಗೈ ಬೆವರುತ್ತದೆ. ನಗಬೇಡಿ. ಇಪ್ಪತ್ತೈದು ವರ್ಷಕ್ಕೂ ಮೀರಿದ ಬೆವರು ಅದು, ಮತ್ತು ಅದಕ್ಕೆ ಕಾರಣ ಒಂದು ಸಂಖ್ಯೆ. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ. ಲೆಕ್ಕ ಎಂದರೆ ಓಡುವವರೂ ಕೂತುಕೊಳ್ಳಬಹುದು. ಭಾಗಾಕಾರಕ್ಕಿಂತ ಕಷ್ಟದ್ದು ಇದರಲ್ಲಿ ಏನೂ ಇಲ್ಲ.

ಸಂಖ್ಯೆ ಇದು: 11111111111. ಎಣಿಸಿಕೊಳ್ಳಿ, ಹನ್ನೊಂದು ಒಂದುಗಳು. ತಿ. ನರಸೀಪುರದ ನಮ್ಮ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದ ಶಿವಮಲ್ಲಪ್ಪ ಮೇಷ್ಟ್ರನ್ನು ಊರೆಲ್ಲ 'ಒಂದರ ಮೇಷ್ಟ್ರು' ಎಂದೇ ಕರೆಯುತ್ತಿತ್ತು. ಮೂಗೂರಿನ ಕಡೆಯವರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಜೇಬಿನಲ್ಲಿ ಸದಾ ಎರಡು ತುಂಡು ಸೀಮೆಸುಣ್ಣ. ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದ ಹಳೆಯ ವಿದ್ಯಾರ್ಥಿಯನ್ನು ಹಿಡಿದು ನಿಲ್ಲಿಸಿ, "ನೂರ ಹನ್ನೊಂದನ್ನ ನೂರ ಹನ್ನೊಂದರಿಂದ ಗುಣಿಸಿದ್ರೆ ಎಷ್ಟಲಾ?" ಎಂದು ಕೇಳುವವರು. ಅವನು 12321 ಎಂದು ಹೇಳದ ಹೊರತು ದಾರಿ ಬಿಡುತ್ತಿರಲಿಲ್ಲ. ಒಂಬತ್ತು ಒಂದುಗಳನ್ನು ಹಾಗೇ ಗುಣಿಸಿದರೆ 12345678987654321 ಬರುತ್ತದೆ. ಬೋರ್ಡಿನ ಮೇಲೆ ಅದನ್ನು ಮೊದಲ ಸಲ ನೋಡಿದ ದಿನ ನಾನು ಹಾಸ್ಟೆಲಿನ ಊಟ ಮರೆತಿದ್ದೆ. ಆ ಹಾಸ್ಟೆಲಿನ ಊಟ ಮರೆಯುವುದು ಅಂಥ ಕಷ್ಟವೇನಲ್ಲ, ಆ ಮಾತು ಬೇರೆ.

ಆದರೆ ಮೇಷ್ಟ್ರ ನಿಜವಾದ ಗೀಳು ಗುಣಾಕಾರದ್ದಲ್ಲ. ಒಂದುಗಳ ಯಾವ ಸಾಲು ಒಡೆಯುವುದಿಲ್ಲ ಎಂಬುದು. 11 ಅವಿಭಾಜ್ಯ, ಒಂದನ್ನು ಬಿಟ್ಟರೆ ಅದನ್ನು ಯಾವ ಚಿಕ್ಕ ಸಂಖ್ಯೆಯೂ ಸರಿಯಾಗಿ ಭಾಗಿಸುವುದಿಲ್ಲ. ಮೂರು ಒಂದುಗಳು ಮೂವತ್ತೇಳರ ಮೂರರಷ್ಟು, ಒಡೆಯಿತು. ಐದು ಒಂದುಗಳು 41 ಮತ್ತು 271ರ ಗುಣಲಬ್ಧ, ಅದೂ ಒಡೆಯಿತು. ಏಳು ಒಂದುಗಳು ಗಟ್ಟಿಯಾಗಿ ಕಾಣುತ್ತವೆ, ಆದರೆ 239 ಎಂಬ ಸಂಖ್ಯೆ ಬಂದು ಅದನ್ನೂ ಸೀಳುತ್ತದೆ. ನಾಲ್ಕು, ಆರು, ಎಂಟು, ಒಂಬತ್ತು, ಹತ್ತು ಒಂದುಗಳ ಮಾತೇ ಬೇಡ, ಅವು ತಾವಾಗೇ ಒಡೆಯುತ್ತವೆ. ಉಳಿದದ್ದು ಹನ್ನೊಂದು. "ಇದು ಮಾತ್ರ ಒಡೆಯಲ್ಲ ಕಣ್ರೋ. ನಾನು ನೋಡಿದ್ದೀನಿ" ಎನ್ನುತ್ತಿದ್ದರು ಮೇಷ್ಟ್ರು. ಆಗ ಅವರ ದನಿ, ಮನೆಯ ಹಿರಿಮಗನ ಬಗ್ಗೆ ಮಾತಾಡುವವರ ದನಿಯಂತೆ ಇರುತ್ತಿತ್ತು. ಅವರಿಗೆ ಮಕ್ಕಳಿರಲಿಲ್ಲ.

'ನೋಡಿದ್ದೀನಿ' ಎಂದರೆ ಸುಮ್ಮನೆ ಅಲ್ಲ. ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಸಂಖ್ಯೆ ಯಾವುದಾದರೂ ಇದ್ದರೆ, ಅದನ್ನು ಇಪ್ಪತ್ತೆರಡರಿಂದ ಭಾಗಿಸಿದಾಗ ಒಂದು ಉಳಿಯಲೇಬೇಕು ಎಂಬುದನ್ನು ಅವರು ಕಂಡುಕೊಂಡಿದ್ದರು. ಅದೂ ಒಂದು ಲಕ್ಷದ ಐದು ಸಾವಿರ ಚಿಲ್ಲರೆಯವರೆಗೆ ನೋಡಿದರೆ ಸಾಕು. ಹಾಗೆ ಸೋಸಿದರೂ ಸಾವಿರದ ಆಸುಪಾಸು ಸಂಖ್ಯೆಗಳು ಉಳಿಯುತ್ತವೆ. ಆ ಕಾಲದ ಕ್ಯಾಲ್ಕುಲೇಟರಿನಲ್ಲಿ ಎಂಟು ಅಂಕಿಗೆ ಮನೆ ತುಂಬಿಬಿಡುತ್ತಿತ್ತು, ಹನ್ನೊಂದಕ್ಕೆ ಜಾಗವೆಲ್ಲಿ? ಮೇಷ್ಟ್ರು ಪ್ರತಿದಿನ ಸ್ನಾನ ಪೂಜೆ ಮುಗಿಸಿ, ತಿಂಡಿಗೆ ಮುಂಚೆ, ಒಂದೋ ಎರಡೋ ಭಾಗಾಕಾರ ಮಾಡಿದರು. ಎರಡು ಮೂರು ವರ್ಷ ಮಾಡಿದರು. ಒಂಬತ್ತು ಉದ್ದನೆಯ ನೋಟುಪುಸ್ತಕಗಳು ತುಂಬಿದವು. ಒಂದೂ ಭಾಗಿಸಲಿಲ್ಲ.

ನಾನು ನಂಜನಗೂಡಿನ ಕಡೆಯ ಹೆಡತಲೆಯವಳು. ಅಪ್ಪ ಅವ್ವ ಇಬ್ಬರೂ ಕೂಲಿಗೆ ಹೋಗುತ್ತಿದ್ದರು. ಹಾಸ್ಟೆಲಿನ ಹುಡುಗಿ ಹತ್ತನೆಯ ಕ್ಲಾಸಿಗೆ ಓದು ನಿಲ್ಲಿಸುತ್ತಾಳೆ ಎಂದು ಗೊತ್ತಾದಾಗ ಮೇಷ್ಟ್ರು ಬಸ್ಸು ಹತ್ತಿ ನಮ್ಮ ಊರಿಗೆ ಬಂದರು. ನಮ್ಮ ಬೀದಿಗೆ ಬಂದರು. ನಮ್ಮ ಜಗಲಿಯ ಮೇಲೆ ಕೂತು, ಅವ್ವ ಕೊಟ್ಟ ನೀರು ಕುಡಿದು, "ಈ ಮಗುನ ಓದುಸ್ಬೇಕು ಕಣಮ್ಮ" ಎಂದರು. ಅವರು ನೀರು ಕುಡಿದದ್ದನ್ನು ಅವ್ವ ಇವತ್ತಿಗೂ ಹೇಳುತ್ತಾಳೆ, ಓದಿನ ಮಾತು ಆಮೇಲೆ. ನಾನು ಬಿ.ಎಸ್ಸಿ, ಬಿ.ಎಡ್ ಮುಗಿಸಿ ನಂಜನಗೂಡಿನ ಒಂದು ಶಾಲೆಯಲ್ಲಿ ಗಣಿತದ ಟೀಚರಾದೆ. ಇಷ್ಟು ಗೊತ್ತಿದ್ದರೆ ಮುಂದಿನದು ನಿಮಗೆ ಅರ್ಥವಾಗುತ್ತದೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ ಮೇಷ್ಟ್ರು ನಿವೃತ್ತರಾದರು. ಹಳೆಯ ವಿದ್ಯಾರ್ಥಿಗಳು ಸೇರಿ ಸನ್ಮಾನ ಇಟ್ಟುಕೊಂಡರು. ಮುಂದಾಳು ಮಹದೇವಸ್ವಾಮಿ ಎಂಬ ರೈಸ್‌ಮಿಲ್ಲಿನ ಯಜಮಾನ. ಮೇಷ್ಟ್ರಿಂದ ಅತಿ ಹೆಚ್ಚು ಏಟು ತಿಂದವನು, ಅದಕ್ಕೇ ಅತಿ ಹೆಚ್ಚು ಪ್ರೀತಿ. ಶಾಲೆಯ ಮುಂದಿನ ಗೋಡೆಯ ಮೇಲೆ ಆ ಸಂಖ್ಯೆಯನ್ನು ದೊಡ್ಡದಾಗಿ ಬರೆಸುವುದು, ಅದರ ಕೆಳಗೆ 'ಅವಿಭಾಜ್ಯ ಸಂಖ್ಯೆ' ಎಂದೂ ಮೇಷ್ಟ್ರ ಹೆಸರನ್ನೂ ಬರೆಸುವುದು ಅವನ ಯೋಚನೆ. ಆ ಸಂಖ್ಯೆಯ ಬಗ್ಗೆ ನಾಲ್ಕು ಮಾತು ಬರೆದುಕೊಂಡು ಮೈಕಿನಲ್ಲಿ ಓದುವ ಕೆಲಸ ನನ್ನದು. ಅದಕ್ಕಾಗಿ ಮೇಷ್ಟ್ರಿಂದ ಒಂಬತ್ತೂ ಪುಸ್ತಕಗಳನ್ನು ಕೇಳಿ ತಂದೆ. ಅವರು ಹಳೆಯ ಪಂಚೆಯಲ್ಲಿ ಗಂಟು ಕಟ್ಟಿ ಕೊಟ್ಟರು.

ಭಾನುವಾರ ಸಮಾರಂಭ. ಶುಕ್ರವಾರ ಮಧ್ಯಾಹ್ನ, ಸ್ಟಾಫ್ ರೂಮಿನಲ್ಲಿ, ನನ್ನ ಬರಹಕ್ಕೆ ಸ್ವಲ್ಪ ರುಚಿ ಸಾಲದೆನ್ನಿಸಿ ಪುಟ ತಿರುವುತ್ತಿದ್ದೆ. ಮೊದಲ ಪುಟದಲ್ಲಿ 23ರ ಭಾಗಾಕಾರ, ಶೇಷ 10. ಹೀಗೇ ಪುಟದ ಮೇಲೆ ಪುಟ, ಪ್ರತಿ ಶೇಷಕ್ಕೂ ಕೆಂಪು ಗೆರೆ. ಮೂರನೆಯ ಪುಸ್ತಕದಲ್ಲಿ ಕಣ್ಣು ನಿಂತಿತು. ಭಾಜಕ 21649, ಶೇಷ 10000.

ಸರಿಯಾಗಿ ಹತ್ತು ಸಾವಿರ! ಎಷ್ಟು ಚೆಂದ ಅನ್ನಿಸಿತು. ಭಾಷಣಕ್ಕೆ ಹೇಳಿಮಾಡಿಸಿದ ಹಾಗಿದೆ, ಜನ ಚಪ್ಪಾಳೆ ತಟ್ಟುತ್ತಾರೆ ಎಂದುಕೊಂಡೆ. ಮೈಕಿನಲ್ಲಿ ಹೇಳುವ ಮುಂಚೆ ಒಂದು ಸಲ ಮಾಡಿ ನೋಡೋಣ ಎಂದು ಹಾಳೆ ತೆಗೆದುಕೊಂಡೆ. ನೋಡಿ, ಈ ಅನಾಹುತದ ಹಿಂದೆ ಸತ್ಯದ ಹಸಿವು ಗಿಸಿವು ಏನೂ ಇರಲಿಲ್ಲ, ಚಪ್ಪಾಳೆಯ ಆಸೆ ಅಷ್ಟೆ.

ನನಗೆ ಶೇಷ ಸೊನ್ನೆ ಬಂತು.

ನನ್ನದೇ ತಪ್ಪಿರಬೇಕೆಂದು ಮತ್ತೆ ಮಾಡಿದೆ. ಸೊನ್ನೆ. ಮೂರನೆಯ ಸಲವೂ ಸೊನ್ನೆ. ಕೊನೆಗೆ ತಿರುಗಿಸಿ, ಬಂದ ಭಾಗಲಬ್ಧ 513239 ಅನ್ನು 21649ರಿಂದ ಗುಣಿಸಿದೆ. ಬಲದಿಂದ ಎಡಕ್ಕೆ ಒಂದೊಂದೇ ಒಂದು ಬೀಳುತ್ತ ಬಂತು. ಹನ್ನೊಂದೂ ಬಿದ್ದವು. ಆಗ ಮೇಷ್ಟ್ರ ಪುಟವನ್ನು ಸಾಲು ಸಾಲಾಗಿ ಬೆರಳಿಟ್ಟು ನೋಡಿದೆ. ನಡುವೆ ಒಂದು ಕಡೆ 51741ರಲ್ಲಿ 43298 ಕಳೆಯಬೇಕಿತ್ತು. ಉತ್ತರ 8443. ಮೇಷ್ಟ್ರು ಬರೆದದ್ದು 8543. ನೂರರ ಮನೆಯ ಏಳರಿಂದ ಒಂದನ್ನು ಪಕ್ಕದ ಮನೆಗೆ ಕೊಟ್ಟ ಮೇಲೆ ಅಲ್ಲಿ ಆರು ಉಳಿಯಬೇಕು. ಅವರು ಏಳೇ ಇದೆ ಎಂದುಕೊಂಡಿದ್ದರು. ಐದನೆಯ ಕ್ಲಾಸಿನ ಮಕ್ಕಳು ಮಾಡುವ ತಪ್ಪು. ಆ ಒಂದು ಬೆಳಿಗ್ಗೆ ತಿಂಡಿಗೆ ಮೇಷ್ಟ್ರ ಹೆಂಡತಿ ಗೌರಮ್ಮನವರು ಕೂಗಿದರೋ, ಬಾಗಿಲಿಗೆ ಯಾರಾದರೂ ಬಂದರೋ. ಅಲ್ಲಿಂದ ಮುಂದಿನ ಆರು ಪುಸ್ತಕಗಳು, ಏಳುನೂರಕ್ಕೂ ಮೀರಿದ ಭಾಗಾಕಾರಗಳು, ಬೇಕಾಗಿಯೇ ಇರಲಿಲ್ಲ.

"ಯಾಕ್ ಮೇಡಂ, ಹುಷಾರಿಲ್ವಾ? ಮುಖ ಎಲ್ಲ ಬೆವರಿದೆ" ಎಂದರು ಡ್ರಾಯಿಂಗ್ ಟೀಚರು. ಸೆಕೆ ಎಂದೆ.

ಶನಿವಾರ ಬೆಳಗಿನ ಶಾಲೆ ಮುಗಿಸಿ, ಆ ಮೂರನೆಯ ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡು ನರಸೀಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ವಾದ. ಹೇಳದೆ ಬಿಟ್ಟರೆ ಯಾರಿಗೂ ನಷ್ಟವಿಲ್ಲ. ಈ ಸಂಖ್ಯೆ ಒಡೆದರೆ ಯಾರ ಮನೆಯ ಹೆಂಚು ಬೀಳುತ್ತದೆ? ಆದರೆ ನಾಳೆ ಆ ಮಾತನ್ನು ಮೈಕಿನಲ್ಲಿ ಹೇಳಬೇಕಾದವಳು ನಾನು. ಹೇಳಿದರೆ, ನಮ್ಮ ಜಗಲಿಯ ಮೇಲೆ ಕೂತು ನೀರು ಕುಡಿದವರ ಮುಖವನ್ನು ಮತ್ತೆ ಹೇಗೆ ನೋಡುವುದು? ನಾನು ಯಾವ ಬೀದಿಯಿಂದ ಬಂದವಳು ಎಂಬುದೂ ಆ ಸಭೆಯಲ್ಲಿ ಅರ್ಧ ಜನಕ್ಕೆ ಗೊತ್ತಿರುತ್ತದೆ. ಅವರು ಏನನ್ನುತ್ತಾರೆ ಎಂಬುದು ಬಸ್ಸಿನಲ್ಲೇ ಕಿವಿಗೆ ಕೇಳಿಸುತ್ತಿತ್ತು.

ಶಾಲೆಯ ಮುಂದೆ ಇಳಿದರೆ ಗೋಡೆಯ ತುಂಬ ಕೆಂಪು ಅಂಕಿಗಳು, ಹಸಿ ಬಣ್ಣದ ಹೊಳಪು, ಈ ಹಾಳು ಟರ್ಪೆಂಟೈನ್ ವಾಸನೆ. ಪೇಂಟರು ಏಣಿಯ ಮೇಲಿಂದ ಕೇಳಿದ: "ಅನ್ನೊಂದೇ ತಾನೆ ಮೇಡಂ? ಒಂದ್ ಎಚ್ಚು ಕಮ್ಮಿ ಆದ್ರೆ ಮರ್ವಾದೆ ಓಯ್ತದೆ." ಕೆಳಗೆ ಮಹದೇವಸ್ವಾಮಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. "ಎಂಗದೆ ಏಳಮ್ಮ? ಇನ್ನು ನೂರು ವರ್ಸ ಅಳುಸ್ಕೂಡ್ದು, ಅಂತಾ ಬಣ್ಣ." ಚೆನ್ನಾಗಿದೆ ಅಣ್ಣ ಎಂದೆ. ಸೆಕೆ ಎಂದದ್ದನ್ನು ಬಿಟ್ಟರೆ, ನನ್ನ ಮೊದಲ ಸುಳ್ಳು.

ಮೇಷ್ಟ್ರ ಮನೆಯಲ್ಲಿ ಹಬ್ಬದ ಗಡಿಬಿಡಿ. ಮೇಷ್ಟ್ರು ಹೊಸ ಶರ್ಟು ಹಾಕಿಕೊಂಡು ಕನ್ನಡಿಯ ಮುಂದೆ ಇದ್ದರು. ತೋಳು ಸ್ವಲ್ಪ ಉದ್ದವಾಗಿತ್ತು. "ಬಾ ಮಗ, ಬಿಸ್ಲಲ್ಲಿ ಬಂದಿದ್ದೀಯ" ಎಂದು ಗೌರಮ್ಮನವರು ಮಜ್ಜಿಗೆ ತಂದರು. ಅವರು ಒಳಗೆ ಹೋಗುವವರೆಗೂ ಲೋಟ ಹಿಡಿದು ಕೂತಿದ್ದೆ.

"ಸಾರ್, ಒಂದು ಲೆಕ್ಕ ನೋಡ್ಬೇಕಿತ್ತು."

"ಯಾವ ಕ್ಲಾಸಿಂದು?"

ಪುಸ್ತಕ ತೆಗೆದು ಪುಟ ಬಿಡಿಸಿಟ್ಟೆ. ಅವರು ಶೇಷ ನೋಡಿ ನಕ್ಕರು. "ಹತ್ತು ಸಾವಿರ ಅಲ್ವಾ? ಜ್ಞಾಪಕ ಇದೆ ಕಣಮ್ಮ. ಅವತ್ತು ಎಷ್ಟು ಖುಷಿಯಾಗಿತ್ತು ಗೊತ್ತಾ?"

"ಇನ್ನೊಂದು ಸಲ ಮಾಡ್ತೀರಾ ಸಾರ್?"

ಅವರು ನನ್ನ ಮುಖ ನೋಡಿದರು. ನಗು ಹೋಯಿತು. ಕನ್ನಡಕ ಹಾಕಿಕೊಂಡು, ಹೊಸ ಶರ್ಟಿನ ತೋಳು ಮಡಚಿ, ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಶುರು ಮಾಡಿದರು. ಐದು, ಒಂದು, ಮೂರು, ಎರಡು. ಆ ಕಳೆಯುವ ಲೆಕ್ಕದ ಹತ್ತಿರ ಪೆನ್ಸಿಲು ನಿಂತಿತು. ಹಳೆಯ ಸಾಲನ್ನು ನೋಡಿದರು, ಹೊಸ ಸಾಲನ್ನು ನೋಡಿದರು. ಅಡುಗೆಮನೆಯಲ್ಲಿ ಗೌರಮ್ಮನವರು ಯಾರಿಗೋ "ನಾಳೆ ಬನ್ನಿ, ಎಲ್ಲಾರೂ ಬನ್ನಿ" ಎನ್ನುತ್ತಿದ್ದರು. ಮೇಷ್ಟ್ರು ಮುಂದುವರಿಸಿದರು. ಮೂರು. ಒಂಬತ್ತು. 194841ರಿಂದ 194841 ಕಳೆದು ಸೊನ್ನೆ ಬರೆದರು. ಬರೆದ ಮೇಲೂ ಪೆನ್ಸಿಲಿನ ಮೊನೆಯನ್ನು ಆ ಸೊನ್ನೆಯ ಮೇಲೇ ಸುತ್ತಿಸುತ್ತ ಕೂತರು.

ತಲೆಯೆತ್ತದೆ ಕೇಳಿದರು. "ಯಾರಿಗಾದ್ರೂ ಹೇಳಿದ್ದೀಯಾ?"

"ಇಲ್ಲ ಸಾರ್."

"ಹೇಳ್ಬೇಡ."

ನಾನು ತಲೆಯಾಡಿಸಿದೆ.

"ನೀನು ಏನು ಬರೆದಿದ್ದೀಯೋ ಅದನ್ನ ಹಾಗೇ ಓದು ನಾಳೆ. ಹೋಗು, ಬಸ್ಸಿಗೆ ಹೊತ್ತಾಯ್ತದೆ." ಪುಸ್ತಕವನ್ನು ಮುಚ್ಚಿ ತೊಡೆಯ ಕೆಳಗೆ ಇಟ್ಟುಕೊಂಡರು. ನನ್ನ ಕಡೆ ನೋಡಲಿಲ್ಲ.

ಭಾನುವಾರ ಹನ್ನೊಂದು ಗಂಟೆ. ಆ ಸಮಯವನ್ನೂ ಮಹದೇವಸ್ವಾಮಿಯೇ ಬೇಕೆಂದು ಇಟ್ಟಿದ್ದ. ಶಾಮಿಯಾನದ ಕೆಳಗೆ ಮುನ್ನೂರು ಜನ. ಗೋಡೆಯ ಮೇಲಿನ ಬರಹಕ್ಕೆ ಪರದೆ. ಅವ್ವನೂ ಬಂದಿದ್ದಳು, ಹೊಸ ಸೀರೆ ಉಟ್ಟು, ಹೆಂಗಸರ ಕೊನೆಯ ಸಾಲಿನಲ್ಲಿ. "ಜೋರಾಗ್ ಮಾತಾಡು, ನಂಗೂ ಕೇಳ್ಬೇಕು" ಎಂದು ಹೇಳಿಕೊಟ್ಟು ಕೂತಿದ್ದಳು. ಮೇಷ್ಟ್ರು ವೇದಿಕೆಯ ನಡುವೆ, ಮೈಸೂರು ಪೇಟ ತೊಟ್ಟು, ಮಂಡಿಯ ಮೇಲೆ ಎರಡೂ ಕೈಯಿಟ್ಟುಕೊಂಡು ಕಲ್ಲಿನ ಹಾಗೆ ಕೂತಿದ್ದರು.

ನನ್ನನ್ನು ಕರೆದರು. ಓದಿದೆ. 121, 12321, ಜನ ನಕ್ಕರು. ಮೂರು ಒಡೆಯಿತು, ಐದು ಒಡೆಯಿತು, ಏಳು ಒಡೆಯಿತು. ಮುಂದಿನ ವಾಕ್ಯ ಹೀಗಿತ್ತು: 'ಆದರೆ ನಮ್ಮ ಮೇಷ್ಟ್ರ ಹನ್ನೊಂದು ಒಂದುಗಳು ಅವಿಭಾಜ್ಯ.' ಅದನ್ನು ಹಾರಿಸಿದೆ. ಮೇಷ್ಟ್ರು ಎಷ್ಟು ಒಳ್ಳೆಯವರು ಎಂಬಲ್ಲಿಗೆ ಜಿಗಿದು, ಓದಿ, ನಮಸ್ಕಾರ ಎಂದೆ. ಬಚಾವಾದೆ ಎಂದುಕೊಂಡೆ.

"ಯಾಕಮ್ಮಾ, ಮುಖ್ಯವಾದ್ದನ್ನೇ ಬುಟ್‌ಬುಟ್ಟೆ?" ಮಹದೇವಸ್ವಾಮಿ ನಗುತ್ತ ಎರಡನೆಯ ಮೈಕಿನಿಂದ ಕೇಳಿದ. "ಅನ್ನೊಂದು ಒಂದು ಒಡೀತದೋ ಒಡಿಯಲ್ವೋ? ಅದ್ನ ಏಳು, ಪರದೆ ತೆಗಸ್ತೀನಿ."

ಪರದೆಯ ದಾರ ಹಿಡಿದವನು ನನ್ನ ಬಾಯನ್ನೇ ನೋಡುತ್ತಿದ್ದ. ಮುನ್ನೂರು ಜನ ನೋಡುತ್ತಿದ್ದರು. ಕೊನೆಯ ಸಾಲಿನಲ್ಲಿ ಅವ್ವ ಕೇಳಿಸಲೆಂದು ಮುಂದಕ್ಕೆ ಬಾಗಿದಳು. ಮೈಕು ಕುಂಯ್ ಎಂದು ಕೂಗಿ ಸುಮ್ಮನಾಯಿತು. ನಾನು ಬಾಯಿ ತೆರೆದೆ. ಪಕ್ಕದಲ್ಲಿ ಕುರ್ಚಿ ಸರಿದ ಸದ್ದಾಯಿತು.

"ಬೋರ್ಡ್ ತರ್ಸು ಮಹದೇವ" ಎಂದರು ಮೇಷ್ಟ್ರು.

ಕ್ಲಾಸಿನಿಂದ ಬೋರ್ಡನ್ನು ಹೊತ್ತು ತಂದು ವೇದಿಕೆಯ ಮೇಲೆ ನಿಲ್ಲಿಸಿದರು. ಮೇಷ್ಟ್ರು ಪೇಟ ತೆಗೆದು ಕುರ್ಚಿಯ ಮೇಲಿಟ್ಟರು. ಜೇಬಿನಿಂದ ಸೀಮೆಸುಣ್ಣ ತೆಗೆದು ಹನ್ನೊಂದು ಒಂದುಗಳನ್ನು ಬರೆದು, ಎಡಗಡೆ 21649 ಬರೆದರು. ಕ್ಲಾಸಿನಲ್ಲಿ ಹೇಳುವ ಹಾಗೆಯೇ ಹೇಳುತ್ತ ಹೋದರು. ಐದು ಸಲ ಹೋಗುತ್ತೆ. ಒಂದು ಸಲ. ಮೂರು ಸಲ. ಮುಂದಿನ ಸಾಲಿನ ಹಳೆಯ ವಿದ್ಯಾರ್ಥಿಗಳು ಅಭ್ಯಾಸಬಲದಿಂದ ಜೊತೆಗೆ ಗೊಣಗತೊಡಗಿದರು. 51741ರ ಹತ್ತಿರ ಬಂದು ಜನರ ಕಡೆ ತಿರುಗಿದರು.

"ಇಲ್ನೋಡಿ. ಈ ಏಳು, ಪಕ್ಕದ ಮನೆಗೆ ಒಂದು ಕೊಟ್ಟಿದೆ. ಆರಾಗಿದೆ. ನಾನು ಏಳು ಅಂತ ಹಿಡಿದಿದ್ದೆ. ಹದಿನೇಳು ವರ್ಷ ಏಳು ಅಂತಲೇ ಹಿಡಿದಿದ್ದೆ."

ಸೊನ್ನೆ ಬರೆದು ಕೆಳಗೆ ಎರಡು ಗೆರೆ ಎಳೆದರು. "ಒಡೀತದೆ. ತಪ್ಪು ನಂದು. ಹಿಡಿದವಳು ಈ ಮಗು. ಆ ಪರದೆ ತೆಗೀಬೇಡ ಮಹದೇವ."

ಯಾರೋ ಇಬ್ಬರು ಚಪ್ಪಾಳೆ ಶುರು ಮಾಡಿ, ಉಳಿದವರು ಸೇರದ್ದರಿಂದ ನಿಲ್ಲಿಸಿದರು. "ಓದ್ಸಿದ್ಕೆ ಸರ್ಯಾಗೇ ಕೊಟ್ಲು ಕಣ್ಲಾ" ಎಂಬ ಮಾತು ಗಂಡಸರ ಕಡೆಯಿಂದ ಬಂತು, ಮೆಲ್ಲಗೆ, ಆದರೆ ನನಗೆ ಕೇಳಬೇಕಾದಷ್ಟು ಜೋರಾಗಿ. ಮಹದೇವಸ್ವಾಮಿ ಗಡಿಬಿಡಿಯಿಂದ ಹಾರ ಹಾಕಿ ಎಲ್ಲರನ್ನೂ ಊಟಕ್ಕೆ ಕರೆದ. ನಾನು ಅವ್ವನ ಕೈ ಹಿಡಿದುಕೊಂಡು ಬಸ್‌ಸ್ಟಾಂಡಿಗೆ ಬಂದೆ. ಬಸ್ಸಿನಲ್ಲಿ ಅವ್ವ ಒಂದೇ ಮಾತು ಕೇಳಿದಳು. "ಅವ್ರಿಗೆ ನೋವಾಯ್ತಾ ಮಗ?"

ಆಗಿತ್ತು. ಮುಂದಿನ ತಿಂಗಳು ಹೋದಾಗ, ಒಳಮನೆಯಲ್ಲಿ ಈಜಿಚೇರಿನಲ್ಲಿ ಕೂತಿದ್ದ ಮೇಷ್ಟ್ರ ಪಾದಗಳು ನನಗೆ ಕಾಣುತ್ತಿದ್ದಾಗಲೇ ಗೌರಮ್ಮನವರು "ಮಲಗವ್ರೆ ಮಗ" ಎಂದರು. ನಾನು ಬಾಳೆಹಣ್ಣು ಕೊಟ್ಟು ಬಂದೆ. ಆಮೇಲೆ ಹೋಗಲಿಲ್ಲ. ಎರಡು ವರ್ಷ ಕಳೆಯಿತು. ಈ ನಡುವೆ ನನಗೆ ಮದುವೆಯಾಯಿತು, ಕರೆಯೋಲೆ ಕಳಿಸಿದೆ, ಅವರು ಬರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ ಶಾಲೆಯ ವಿಳಾಸಕ್ಕೆ ಪೋಸ್ಟ್ ಕಾರ್ಡು ಬಂತು. ಕುಶಲ ಕ್ಷೇಮ ಏನೂ ಇಲ್ಲ. 'ಹದಿಮೂರು ಒಂದುಗಳು. 53 ಹೋಗುತ್ತದೆ. 79 ಹೋಗುತ್ತದೆ. ಉಳಿದದ್ದು 265371653. ಇದು ಒಡೆಯುತ್ತದೋ ಇಲ್ಲವೋ ನೋಡಬೇಕು. ಒಬ್ಬನೇ ಮಾಡಿದರೆ ತಪ್ಪಾಗುತ್ತದೆ. ಶನಿವಾರ ಮಧ್ಯಾಹ್ನ ಬಾ.'

ಹೋದೆ. ನೂರೈವತ್ತರ ಸುಮಾರು ಭಾಗಾಕಾರಗಳಿದ್ದವು. ಅವರು ಮಾಡಿದ್ದನ್ನು ನಾನು ತಿದ್ದುವುದು, ನಾನು ಮಾಡಿದ್ದನ್ನು ಅವರು. ನನ್ನ ತಪ್ಪುಗಳೇ ಹೆಚ್ಚು ಸಿಕ್ಕಿದವು. ಪ್ರತಿ ಸಲವೂ ಅವರು ಹಾಳೆಯ ಮೇಲೆ ಬೆರಳು ಕುಟ್ಟಿ, "ಏಳಲ್ಲ ಕಣಮ್ಮ, ಆರು" ಎನ್ನುತ್ತಿದ್ದರು, ಅಲ್ಲಿ ಇದ್ದದ್ದು ಯಾವ ಅಂಕಿಯೇ ಆಗಿರಲಿ. ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ಯಾವುದೂ ಭಾಗಿಸಲಿಲ್ಲ. ನಾನು ಕೊನೆಯ ಪುಟದಲ್ಲಿ 'ಅವಿಭಾಜ್ಯ' ಎಂದು ಬರೆಯಹೋದರೆ ಪೆನ್ನು ಕಿತ್ತುಕೊಂಡು, 'ನಮ್ಮಿಬ್ಬರಿಗೆ ಸಿಕ್ಕಿಲ್ಲ' ಎಂದು ಬರೆದರು.

ಅವತ್ತು, ಆ ಧೈರ್ಯದ ಮೇಲೆ, ಯಾರಿಗೂ ಹೇಳದಿದ್ದ ಒಂದು ಮಾತನ್ನು ಅವರಿಗೆ ಹೇಳಿದೆ. ಅಷ್ಟರಲ್ಲಿ ನರಸೀಪುರ, ನಂಜನಗೂಡು ಎರಡೂ ಕಡೆ ಕತೆ ತಿರುಗಿಕೊಂಡಿತ್ತು. ಅವತ್ತು ಬೈದವರೇ ಈಗ 'ಗುರುವಿನ ಮುಂದೆಯೂ ಸುಳ್ಳು ಹೇಳದ ಹೆಣ್ಣು' ಎನ್ನತೊಡಗಿದ್ದರು. ಟೀಚರುಗಳ ತರಬೇತಿಯಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿ ತೋರಿಸುತ್ತಿದ್ದರು. ನಾನೂ ಸಂಕೋಚದ ಮುಖ ಮಾಡಿ ಸ್ವೀಕರಿಸುತ್ತಿದ್ದೆ.

"ಸಾರ್, ಅವತ್ತು ಮಹದೇವಣ್ಣ ಕೇಳ್ದಾಗ ನಾನು ಸತ್ಯ ಹೇಳೋಕೆ ಅಂತ ಸುಮ್ಮನೆ ನಿಂತಿರ್ಲಿಲ್ಲ. ಒಡಿಯಲ್ಲ ಅಂತ ಹೇಳೋಕೇ ಬಾಯಿ ತೆರ್ದಿದ್ದೆ. ನಾಲಿಗೆ ತುದೀಲಿತ್ತು. ಅಷ್ಟರಲ್ಲಿ ನೀವು ಎದ್ರಿ."

ಮೇಷ್ಟ್ರು ಪುಸ್ತಕ ಕಟ್ಟುತ್ತಿದ್ದರು. ಗಂಟು ಬಿಗಿದು ತಲೆಯೆತ್ತಿದರು.

"ಗೊತ್ತಿತ್ತು ಕಣಮ್ಮ. ಪಕ್ಕದಿಂದ ನಿನ್ನ ಮುಖ ಕಾಣ್ತಿತ್ತಲ್ಲ. ನಾನು ಎದ್ದಿದ್ದೇ ಅದಕ್ಕೆ. ನನಗೋಸ್ಕರ ಆಗಿದ್ರೆ ಕೂತೇ ಇರ್ತಿದ್ದೆ."

ಅದಾಗಿ ನಾಲ್ಕು ವರ್ಷಕ್ಕೆ ಅವರು ತೀರಿಕೊಂಡರು.

ಈಗ ನಮ್ಮ ಮನೆಯ ಮೊಬೈಲಿನಲ್ಲಿ ಆ ಹನ್ನೊಂದು ಒಂದುಗಳನ್ನು ಕಣ್ಣು ಮಿಟುಕಿಸುವುದರೊಳಗೆ ಒಡೆದು ತೋರಿಸಬಹುದು. 265371653 ಕೂಡ ನಿಜವಾಗಿಯೂ ಅವಿಭಾಜ್ಯವೇ ಎಂದು ಅದೇ ಹೇಳಿತು. ನೋಡಿ ಸಂತೋಷವಾಯಿತು, ಹೇಳಿಕೊಳ್ಳಲು ಜನವಿರಲಿಲ್ಲ.

ಮೊನ್ನೆ ಸೋಮವಾರ ನಮ್ಮ ಶಾಲೆಗೆ ಹೊಸದಾಗಿ ಬಂದ ಹೆಡ್‌ಮೇಷ್ಟ್ರು ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳಿಗೆ ನನ್ನ ಕತೆ ಹೇಳಿದರು. ಗುರುವಿನ ತಪ್ಪನ್ನು ಮುನ್ನೂರು ಜನರ ಮುಂದೆ ಧೈರ್ಯವಾಗಿ ಎತ್ತಿ ತೋರಿಸಿದವರು ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ಇಷ್ಟು ವರ್ಷ ಅಂಥ ಕಡೆ ಕೈಮುಗಿದು ಕೂರುವುದು ನನ್ನ ರೂಢಿ. ಅವತ್ತು ಯಾಕೋ ಎದ್ದು ಮೈಕು ಇಸಿದುಕೊಂಡೆ. ಹಾಗಲ್ಲ, ಎದ್ದವರು ಅವರು, ನಾನಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೆಡ್‌ಮೇಷ್ಟ್ರಿಗೆ ಕಸಿವಿಸಿಯಾಗಿರಬೇಕು, ವಾಚು ನೋಡಿಕೊಂಡರು.

ಎಂಟನೆಯ ಕ್ಲಾಸಿನ ಸಾಲಿನಿಂದ ಒಬ್ಬ ಹುಡುಗಿ ಕೈಯೆತ್ತಿದಳು. "ಮಿಸ್, ಅವ್ರು ಎದ್ದು ನಿಲ್ದೇ ಇದ್ದಿದ್ರೆ?"

"ಸುಳ್ಳು ಹೇಳಿರ್ತಿದ್ದೆ ಕಣಮ್ಮ" ಎಂದೆ.